ಲವಣಾಸುರನ ಪ್ರವೇಶ

ಉಪ್ಪು ಕಡಿಮೆ ತಿನ್ನಿ ಎನ್ನಲು ಭಾಷಣಕ್ಕಿಂತ ಜಾಹೀರಾತಿನ ಹಾಡು, ಹಾಸ್ಯ ಮೇಲು ಎಂದು ಲೇಖನವೊಂದರಲ್ಲಿ ಓದಿದೆ. ಆ ಮಾತು ನನಗೆ ಒಪ್ಪಿಗೆ. ಆದರೆ ಕುಮಟೆಯವರಾದ ನಮಗೆ ಇದು ತುಸು ಮುಜುಗರದ ವಿಷಯ. ಪಕ್ಕದ ಸಾಣಿಕಟ್ಟಾದಲ್ಲಿ ಉಪ್ಪಿನ ಆಗರಗಳಿವೆ. ಅಂಕೋಲೆಯವರಂತೂ 1930ರಲ್ಲಿ ಉಪ್ಪಿಗಾಗಿಯೇ ಸತ್ಯಾಗ್ರಹ ಮಾಡಿದವರು. ಇಲ್ಲಿ ನಿಂತು 'ಉಪ್ಪು ಬೇಡ' ಎಂದರೆ ಹಿರಿಯರು ಸುಮ್ಮನಿದ್ದಾರೆಯೇ?

ನನ್ನ ರಕ್ತದೊತ್ತಡ ಏರಿದಾಗ ವೈದ್ಯರು ದಿನಕ್ಕೆ 5 ಗ್ರಾಂ, ಅಂದರೆ ಸುಮಾರು ಒಂದು ಚಹಾ ಚಮಚ ಮೀರಬಾರದು ಎಂದರು. ವಿಶ್ವ ಆರೋಗ್ಯ ಸಂಸ್ಥೆಯ ಮಿತಿಯೂ ಅದೇ. ತಲೆಯಾಡಿಸಿ ಬಂದೆ. ಸಾರಿಗೆ ಉಪ್ಪು ತಗ್ಗಿತು. ಗಂಜಿಯ ಜೊತೆಗಿನ ಸುಟ್ಟ ಒಣಮೀನು, ನಂಜಿಕೊಳ್ಳುವ ಮಿಡಿ ಉಪ್ಪಿನಕಾಯಿ, ಮೇಲೊಂದು ಹಪ್ಪಳ ಮಾತ್ರ ಹಾಗೆಯೇ ಉಳಿದವು. ಹರಳುಪ್ಪಾದರೆ ತೊಂದರೆಯಿಲ್ಲ ಎಂದು ಬೇರೆ ವಾದಿಸುತ್ತಿದ್ದೆ. ಅದೂ ಸೋಡಿಯಂ ತುಂಬಿದ ಉಪ್ಪೇ ಎಂದು ತಿಳಿಯಲು ತಡವಾಯಿತು.

ಲೆಕ್ಕ ಇಟ್ಟವಳು ಹೆಂಡತಿ. ನಾನು ಊಟಕ್ಕೆ ಕುಳಿತ ಕೂಡಲೇ ತಟ್ಟೆಯನ್ನು ಚಂಡೆಯಂತೆ ಬಡಿದು, "ಬಂದರೈ ಬಂದರು ಲವಣಾಸುರ ಮಹಾರಾಜರು" ಎಂದು ಯಕ್ಷಗಾನದ ಭಾಗವತರ ಧಾಟಿಯಲ್ಲಿ ಹಾಡು ಎತ್ತುತ್ತಿದ್ದಳು. ಮೊಮ್ಮಕ್ಕಳು ತಾಳ ಹಾಕುತ್ತಿದ್ದರು. ನಗುತ್ತಲೇ ಒಣಮೀನು ವಾರಕ್ಕೊಮ್ಮೆಗೆ ಇಳಿಯಿತು. ಉಪ್ಪಿನಕಾಯಿಯ ವಿಷಯ ಕೇಳಬೇಡಿ.

ಒಂದೇ ತಕರಾರು: ಜಾಹೀರಾತಿನ ಹಾಡು ನಮ್ಮಲ್ಲಿ ನಾಟುವುದಿಲ್ಲ. ಮಳೆಗಾಲ ಮುಗಿದು ಯಕ್ಷಗಾನದ ಆಟಗಳು ಶುರುವಾದಾಗ ಈ ವಿಷಯವನ್ನು ಹಾಸ್ಯಗಾರನ ಕೈಗೆ ಕೊಟ್ಟುಬಿಡಿ. ಬಯಲಿನ ಅಂಚಿನಲ್ಲಿ ಉಪ್ಪು ಖಾರ ಹಚ್ಚಿದ ಶೇಂಗಾ ಮಾರುವವನೊಬ್ಬ ಸಿಟ್ಟಾದಾನು, ಅಷ್ಟೇ.