ಅಂತರಗಂಗೆಯ ಮೇಲೆ ಸುಣ್ಣ

ನಿನ್ನೆ ತಮ್ಮನನ್ನು ಎಂಟನೇ ತರಗತಿಗೆ ಸೇರಿಸಲು ಅಪ್ಪನ ಜೊತೆ ನಾನು ಓದಿದ ಹೈಸ್ಕೂಲಿಗೇ ಹೋಗಿದ್ದೆ. ಶಾಲೆ ತೆರೆಯುವ ಮುನ್ನ ನಡೆಯುವ ಸುಣ್ಣಬಣ್ಣದ ಕೆಲಸ ಸಾಗಿತ್ತು. ಸ್ಟಾಫ್ ರೂಮಿನ ಬಾಗಿಲಲ್ಲಿ ಏಣಿ ನಿಂತಿತ್ತು. ನೆಲಕ್ಕೆ ಸುಣ್ಣ ಸಿಡಿಯದಿರಲೆಂದು ಅದರ ಕೆಳಗೆ ಹಳೆಯ ಪೇಪರುಗಳನ್ನು ಹಾಸಿದ್ದರು. ಆ ಪೇಪರುಗಳ ನಡುವೆ ನನ್ನ ಅಂತರಗಂಗೆ ಮಲಗಿತ್ತು.

ಒಂಬತ್ತನೇ ತರಗತಿಯಲ್ಲಿದ್ದಾಗ ಮೂರು ಭಾನುವಾರ ಬೆಳಿಗ್ಗೆ ನಮ್ಮ ಕೋಲಾರದ ಬೆಟ್ಟದಲ್ಲಿರುವ ಅಂತರಗಂಗೆ ಬುಗ್ಗೆಯ ಮೆಟ್ಟಿಲು ಹತ್ತಿ, ಕೋತಿಗಳಿಂದ ಬ್ರಷ್ಷು ಕಾಪಾಡಿಕೊಂಡು ಬರೆದ ಜಲವರ್ಣ ಅದು. ಕಲ್ಲಿನ ಬಸವನ ಬಾಯಿಂದ ಬೀಳುವ ನೀರಿನ ಬಿಳುಪನ್ನು ಬಣ್ಣ ಹಚ್ಚಿ ತರಲಾಗದು, ಸುತ್ತಲೂ ಬಣ್ಣ ತುಂಬಿ ಅಷ್ಟು ಜಾಗದಲ್ಲಿ ಕಾಗದವನ್ನು ಹಾಗೆಯೇ ಬಿಡಬೇಕು. ಹೀಗೆ ಬಿಡುವುದನ್ನು ಕಲಿಯಲು ನಾಲ್ಕು ಶೀಟು ಹಾಳು ಮಾಡಿದ್ದೆ. ನಿನ್ನೆ ನೋಡಿದರೆ ಆ ಬಿಳಿಯ ಗೆರೆಯೊಂದನ್ನು ಬಿಟ್ಟು ಮಿಕ್ಕ ಕಡೆಯೆಲ್ಲ ಸುಣ್ಣ ಬಿದ್ದಿತ್ತು. ನೆರಳಿಗೆಂದು ಹಚ್ಚಿದ್ದ ಪ್ರಷ್ಯನ್ ಬ್ಲೂ ಹನಿ ಬಿದ್ದಲ್ಲೆಲ್ಲ ಕಂದಾಗಿತ್ತು. ಮೊದಲ ಪಿಯುಸಿಯ ಲ್ಯಾಬಿನಲ್ಲಿ ಸಾರಜನಕ ಪತ್ತೆ ಮಾಡುವಾಗ ಬರುವ ನೀಲಿಯೇ ಇದು, ಕ್ಷಾರ ತಾಗಿದರೆ ನಿಲ್ಲುವುದಿಲ್ಲ. ನನ್ನನ್ನು ಬಲವಂತವಾಗಿ ಸೈನ್ಸಿಗೆ ಸೇರಿಸಿದ್ದರಿಂದ ಆದ ಮೊದಲ ಉಪಯೋಗವೆಂದರೆ, ನನ್ನ ಚಿತ್ರ ಹೇಗೆ ಹಾಳಾಯಿತೆಂದು ಸಮೀಕರಣ ಸಮೇತ ವಿವರಿಸಬಲ್ಲೆ.

"ಹಳೇದಲ್ವೇನಮ್ಮ, ರದ್ದಿ ಅಂದ್ಕೊಂಡೆ" ಎಂದರು ಅಟೆಂಡರ್. ಅವರ ಮೇಲೆ ನನಗೆ ಕೋಪವಿಲ್ಲ. ಕೋಪವಿರುವುದು, ಆ ಶೀಟನ್ನು ನಾನು ಮೂರು ಸಲ ಕೇಳಿದಾಗಲೂ "ಇನ್‌ಸ್ಪೆಕ್ಷನ್ನಿಗೆ ತೋರಿಸಬೇಕು, ಇಲ್ಲೇ ಇರಲಿ, ಎಲ್ಲಿಗೆ ಹೋಗುತ್ತೆ" ಎಂದ ವ್ಯವಸ್ಥೆಯ ಮೇಲೆ. ಎಲ್ಲಿಗೆ ಹೋಯಿತೆಂದು ಈಗ ಗೊತ್ತಾಯಿತು. ಶೀಟು, ಬಣ್ಣ, ಬ್ರಷ್ಷು ಎಲ್ಲಕ್ಕೂ ದುಡ್ಡು ನಮ್ಮ ಮನೆಯದು. ವಾರಕ್ಕೊಂದು ಡ್ರಾಯಿಂಗ್ ಪೀರಿಯಡ್ಡು, ಅದನ್ನೂ ಪೋರ್ಷನ್ ಮುಗಿದಿಲ್ಲವೆಂದು ಗಣಿತದವರು ತೆಗೆದುಕೊಳ್ಳುತ್ತಿದ್ದರು. ಬರೆಯಲು ಸಮಯ ಕೊಡದವರು, ಬರೆದದ್ದನ್ನು ಮಾತ್ರ ಮನೆಗೆ ಕೊಡಲೊಲ್ಲರು.

ನೂರಾರು ಮಕ್ಕಳ ಚಿತ್ರಗಳನ್ನು ಎಲ್ಲಿಡುವುದು, ಶಾಲೆಯಲ್ಲಿ ಜಾಗವೆಲ್ಲಿದೆ ಎಂದು ಯಾರಾದರೂ ಕೇಳಬಹುದು. ಜಾಗವಿದೆ. ಕಬಡ್ಡಿ, ಖೋಖೋ ಕಪ್ಪುಗಳಿಗೆ ಎಚ್.ಎಂ. ಕೊಠಡಿಯಲ್ಲಿ ಗಾಜಿನ ಬೀರು ಇದೆ, ಪ್ರತಿ ಆಯುಧಪೂಜೆಗೆ ಒರೆಸಿ ಕುಂಕುಮ ಇಡುತ್ತಾರೆ. ಕಾಗದ ಬೀರುವನ್ನೂ ಕೇಳುವುದಿಲ್ಲ; ನೂರು ಶೀಟು ಒಂದರ ಮೇಲೊಂದು ಇಟ್ಟರೂ ಒಂದು ಗೇಣು ಎತ್ತರವಾಗದು. ಬಿಸಿಲು, ತೇವ, ಗೆದ್ದಲು ತಾಗದಂತೆ ಮಟ್ಟಸವಾಗಿ ಇಟ್ಟರೆ ಸಾಕು. 1965ರಲ್ಲಿ ತೀರಿಕೊಂಡ ಕೆ. ವೆಂಕಟಪ್ಪನವರ ಊಟಿ, ಕೊಡೈಕೆನಾಲ್ ಜಲವರ್ಣಗಳು ಬೆಂಗಳೂರಿನ ಕಸ್ತೂರಬಾ ರಸ್ತೆಯ ಗ್ಯಾಲರಿಯಲ್ಲಿ ಉಳಿದಿರುವುದೂ ಕಾಗದದ ಮೇಲೆಯೇ. ನನ್ನದು ನಾಲ್ಕು ವರ್ಷವಾದರೂ ಇರಬಾರದಿತ್ತೇ?

ಹತ್ತನೇ ತರಗತಿಯವರೆಗೂ ಕಲೆ ಕಡ್ಡಾಯ ವಿಷಯವಾಗಿರಬೇಕೆಂದು 2005ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು ಹೇಳಿದೆಯಂತೆ. ಎಸ್.ಎಸ್.ಎಲ್.ಸಿ.ಯ 625 ಅಂಕಗಳಲ್ಲಿ ಚಿತ್ರಕಲೆಗೆ ಒಂದೂ ಇಲ್ಲ. ಅಂಕವಿಲ್ಲದ್ದು ಏಣಿಯ ಕೆಳಗೆ ಸೇರುತ್ತದೆ.

ಇಷ್ಟೆಲ್ಲ ಕೂಗಾಡಿದ ಮೇಲೆ ಒಂದು ವಿಷಯವನ್ನು ಮುಚ್ಚಿಡಲಾರೆ. ಎಂಟನೇ ತರಗತಿಯಲ್ಲಿ ಶೀಟು ಸಾಲದಿದ್ದಾಗ ಡ್ರಾಯಿಂಗ್ ಮೇಷ್ಟ್ರು ಹಿಂದಿನ ಬ್ಯಾಚಿನವರ ಚಿತ್ರಗಳನ್ನು ತೆಗೆದುಕೊಟ್ಟು, "ಹಿಂಭಾಗ ಖಾಲಿ ಇದೆ, ಪ್ರಾಕ್ಟೀಸ್ ಮಾಡಿ" ಎಂದಿದ್ದರು. ನಾನು ಐದಾರು ಶೀಟು ಮುಗಿಸಿದೆ. ಯಾರ ಚಿತ್ರವೆಂದು ತಿರುಗಿಸಿಯೂ ನೋಡಲಿಲ್ಲ. ಒಂದು ಮಾತ್ರ ಹೇಗೋ ಮನೆಯಲ್ಲಿ ಉಳಿದಿತ್ತು, ನಿನ್ನೆ ರಾತ್ರಿ ಹುಡುಕಿ ತಿರುಗಿಸಿದೆ. ಪೆನ್ಸಿಲ್ಲಿನಲ್ಲಿ ಬರೆದ ನಮ್ಮ ಸೋಮೇಶ್ವರ ದೇವಸ್ಥಾನದ ಗೋಪುರ. ಒಂದೊಂದು ಗೂಡಿಗೂ ನೆರಳು ಕೊಟ್ಟಿದ್ದಾರೆ, ಖಂಡಿತ ಹಲವು ದಿನಗಳ ಕೆಲಸ. ಮೂಲೆಯಲ್ಲಿ "9ನೇ ಬಿ" ಎಂದಿದೆ, ಅದರ ಪಕ್ಕದ ಹೆಸರಿನ ಮೇಲೆ ನನ್ನ ಬ್ರಷ್ಷಿನ ನೀರು ಇಳಿದು ಕಾಗದ ಉಬ್ಬಿದೆ.

ಅಂತರಗಂಗೆಯನ್ನು ಮನೆಗೆ ತಂದಿದ್ದೇನೆ. ಸುಣ್ಣವನ್ನು ಉಗುರಿನಿಂದ ಕೆರೆದೆ, ಕಾಗದವೂ ಸಿಪ್ಪೆಯಂತೆ ಎದ್ದು ಬಂತು, ಅಲ್ಲಿಗೇ ಬಿಟ್ಟೆ. ಎಚ್.ಎಂ. ಅವರಿಗೆ ಪತ್ರ ಬರೆಯುತ್ತಿದ್ದೇನೆ: ವರ್ಷದ ಕೊನೆಯ ದಿನ ಆಯಾ ಮಕ್ಕಳ ಶೀಟುಗಳನ್ನು ಸುರುಳಿ ಸುತ್ತಿ ಅವರ ಕೈಗೇ ಕೊಟ್ಟು ಕಳಿಸಿ, ಕಟ್ಟಲು ದಾರ ನಾನೇ ತಂದುಕೊಡುತ್ತೇನೆ.

ಮತ್ತೆ, ಆ ಗೋಪುರ ಬರೆದವರು ಇದನ್ನು ಓದುತ್ತಿದ್ದರೆ ದಯವಿಟ್ಟು ಇನ್‌ಬಾಕ್ಸಿಗೆ ಬನ್ನಿ. ನಿಮ್ಮ ಶೀಟು ನನ್ನ ಬಳಿ ಇದೆ. ಹಿಂಭಾಗದಲ್ಲಿ ನನ್ನ ಮೂರು ಬಾಳೆಹಣ್ಣುಗಳಿವೆ, ಅವೂ ಸರಿಯಾಗಿ ಬಂದಿಲ್ಲ.