ಕಾನ್ಸ್ಟ್ ಅಂತ ಬರೆದ ಮೇಲೂ ಪರೀಕ್ಷೆ ಬೇಕಾ?

ಪರ

ಸಿದ್ದಾಪುರದ ಕಾಫಿ ವ್ಯಾಪಾರಿಯೊಬ್ಬರಿಗೆ ಬಿಲ್ ಹಾಕುವ ಪುಟ ಮಾಡಿಕೊಟ್ಟಿದ್ದೆ. ಚೆರಿ (ಒಣಗಿಸಿದ ಕಾಫಿ ಹಣ್ಣು) ಮೂಟೆ ಅಂದರೆ 50 ಕೆಜಿ. ಕೊಡಗಿನಲ್ಲಿ ಇದನ್ನು ಯಾರಿಗೂ ಬಿಡಿಸಿ ಹೇಳಬೇಕಿಲ್ಲ. ಮೂಟೆಯ ತೂಕ, ಅವತ್ತಿನ ದರ ಎರಡನ್ನೂ ಜಾವಾಸ್ಕ್ರಿಪ್ಟ್ ಎಂಬ ಪ್ರೋಗ್ರಾಮಿಂಗ್ ಭಾಷೆಯ ಒಂದು ಆಬ್ಜೆಕ್ಟ್‌ನಲ್ಲಿಟ್ಟು (ಹಲವು ಬೆಲೆಗಳನ್ನು ಒಟ್ಟಿಗೆ ಇಡುವ ಡಬ್ಬಿ ಅನ್ನಿ), ಮುಂದೆ ಕಾನ್ಸ್ಟ್, ಅಂದರೆ ‘ಇದು ಬದಲಾಗಬಾರದು’ ಎನ್ನುವ ಪದ, ಬರೆದು, ನೆಮ್ಮದಿಯಾಗಿ ಮಲಗಿದೆ.

ಒಂದು ದಿನ ಯಾರೋ 37 ಕೆಜಿ ಚಿಲ್ಲರೆ ಚೆರಿ ತಂದರು. ಅವರ ಬಿಲ್ ಸರಿಯಾಗೇ ಬಂತು. ಆದರೆ ಚೀಟಿಯಲ್ಲಿ 37 ಎಂದು ತೋರಿಸಲು ಅವಸರದಲ್ಲಿ ನಾನು ಮೂಟೆಯ ತೂಕವನ್ನೇ ತಿದ್ದಿಬಿಟ್ಟಿದ್ದೆ. ಅವರ ಹಿಂದೆ ನಿಂತಿದ್ದವರದ್ದು 500 ಕೆಜಿ. ಪುಟ 10 ಮೂಟೆ ಬದಲು ಹದಿಮೂರೂವರೆ ಮೂಟೆಯ ದುಡ್ಡು ತೋರಿಸಿತು! ಎರರ್ ಏನಾದರೂ ಬಂತಾ? ಇಲ್ಲ.

ಕಾನ್ಸ್ಟ್ ಕಟ್ಟಿಹಾಕುವುದು ಹೆಸರನ್ನು ಮಾತ್ರ. ಡಬ್ಬಿಯ ಚೀಟಿ ಕಿತ್ತು ಬೇರೆ ಡಬ್ಬಿಗೆ ಅಂಟಿಸಲು ಬಿಡುವುದಿಲ್ಲ, ಒಳಗಿನ ಸಾಮಾನು ಬದಲಾಯಿಸಿದರೆ ಸುಮ್ನೆ ಇರುತ್ತದೆ. ಒಳಗೂ ಬೀಗ ಬೇಕೆಂದರೆ ಆಬ್ಜೆಕ್ಟ್ ಡಾಟ್ ಫ್ರೀಜ್ ಇದೆ, 2009ರಿಂದಲೇ. ಅದಕ್ಕೂ ಒಂದು ಚಾಳಿ: ಮೇಲಿನ ಒಂದು ಪದರ ಮಾತ್ರ ಗಟ್ಟಿ, ಆಬ್ಜೆಕ್ಟ್‌ನೊಳಗೆ ಇನ್ನೊಂದು ಆಬ್ಜೆಕ್ಟ್ ಇದ್ದರೆ ಅದು ಸಡಿಲ. ಸ್ಟ್ರಿಕ್ಟ್ ಮೋಡ್ (ಜಾವಾಸ್ಕ್ರಿಪ್ಟಿನ ಕಟ್ಟುನಿಟ್ಟಿನ ವಿಧಾನ) ಇಲ್ಲದಿದ್ದರೆ, ತಿದ್ದಲು ಹೋದಾಗ ಎರರ್ ಕೂಡ ಬರುವುದಿಲ್ಲ.

ಹಾಗಾಗಿ ಪರೀಕ್ಷೆ, ಅಂದರೆ ನಮ್ಮ ಕೋಡನ್ನು ಓಡಿಸಿ ತಪ್ಪು ಹಿಡಿಯುವ ಇನ್ನೊಂದು ಪುಟ್ಟ ಕೋಡ್, ಬರೆಯಿರಿ. ಬೇಕಂತಲೇ ತಿದ್ದಿ ನೋಡಿ. ಟೈಪ್ ಎರರ್ (ಇಂಥ ತಿದ್ದುಪಡಿಗೆ ಜಾವಾಸ್ಕ್ರಿಪ್ಟ್ ಕೊಡುವ ಎರರ್) ಬಂತಾ ಅಂತ ಮಾತ್ರವಲ್ಲ, ಆಮೇಲೂ ಒಳಗೆ 50 ಹಾಗೇ ಇದೆಯಾ ಅಂತಲೂ ನೋಡಿ. ಎರಡನೆಯದನ್ನು ಮರೆಯುವವರೇ ಜಾಸ್ತಿ.

ವಿರೋಧ

ಮೇಲೆ ಬರೆದವರು ನನ್ನ ಗೆಳೆಯರೇ. ಮಡಿಕೇರಿಯಲ್ಲಿ ಇಬ್ಬರದೂ ಒಂದೇ ಮೇಜು. ಕಕ್ಕಡದ ಮಳೆಗೆ ಕರೆಂಟ್ ಹೋದಾಗ ಒಂದೇ ಇನ್ವರ್ಟರ್. ಆದರೂ ಈ ಮಾತು ಒಪ್ಪಲಾರೆ.

ಕಾನ್ಸ್ಟ್‌ಗೆ ಹೊಸ ಬೆಲೆ ಕೊಟ್ಟರೆ ಎರರ್ ಬರುತ್ತದಾ ಅಂತ ನೋಡುವ ಪರೀಕ್ಷೆ ನಮ್ಮ ಪುಟವನ್ನು ಪರೀಕ್ಷಿಸುವುದಿಲ್ಲ, ಜಾವಾಸ್ಕ್ರಿಪ್ಟನ್ನು ಪರೀಕ್ಷಿಸುತ್ತದೆ. ಅದಕ್ಕೆ ಟೆಸ್ಟ್262 ಎಂಬ ದೊಡ್ಡ ಪರೀಕ್ಷೆಗಳ ಕಟ್ಟೇ ಇದೆ, ಬ್ರೌಸರ್ ಮಾಡುವವರು ಅದನ್ನು ಓಡಿಸುತ್ತಾರೆ. ತೂಕದ ಕಲ್ಲಿಗೆ ಸೀಲ್ ಹಾಕುವ ಇಲಾಖೆ ಬೇರೆ ಇದೆ ಅಲ್ವಾ, ಅಂಗಡಿಯವರು ದಿನಾ ಕಲ್ಲನ್ನೇ ತೂಗುತ್ತಾ ಕೂರುತ್ತಾರಾ? 2015ರ ಮುಂಚೆ ಬೇರೆ ಮಾತು. ಆಗ ಕೆಲವು ಬ್ರೌಸರ್‌ಗಳು ಕಾನ್ಸ್ಟ್ ತಿದ್ದಿದರೂ ಬಾಯಿ ಬಿಡುತ್ತಿರಲಿಲ್ಲ, ಇನ್ನು ಕೆಲವಕ್ಕೆ ಆ ಪದವೇ ಗೊತ್ತಿರಲಿಲ್ಲ. ಈಗ ಇಎಸ್‌ಲಿಂಟ್ ಎಂಬ ತಪ್ಪು ಹುಡುಕುವ ಸಾಧನ ಹಾಕಿಕೊಂಡರೆ ಕೋಡ್ ಓಡುವ ಮೊದಲೇ ಇಂಥ ತಪ್ಪನ್ನು ತೋರಿಸುತ್ತದೆ.

ಗೆಳೆಯರ ಕಥೆಯನ್ನೇ ನೋಡಿ. 37 ಕೆಜಿಯ ಬಿಲ್ ಹಾಕಿ, ಬೆನ್ನಿಗೇ 500 ಕೆಜಿಯದ್ದು ಹಾಕಿ, 10 ಮೂಟೆ ಬಂತಾ ಅಂತ ಕೇಳುವ ಒಂದೇ ಒಂದು ಪರೀಕ್ಷೆ ಇದ್ದಿದ್ದರೆ ತಪ್ಪು ಅವತ್ತೇ ಸಿಗುತ್ತಿತ್ತು. ಅದರಲ್ಲಿ ಕಾನ್ಸ್ಟ್ ಸುದ್ದಿಯೇ ಇಲ್ಲ. ನಾಳೆ ಆಬ್ಜೆಕ್ಟ್ ಬಿಟ್ಟು ಬೇರೆ ಥರ ಬರೆದರೂ ಆ ಪರೀಕ್ಷೆ ಹಾಗೇ ಉಳಿಯುತ್ತದೆ.

ಇಷ್ಟಕ್ಕೂ ದರ ದಿನಾ ಬದಲಾಗುವಂಥದ್ದು. ಅದನ್ನು ಮೂಟೆಯ ತೂಕದ ಜೊತೆ ಒಂದೇ ಕಡೆ ತುಂಬಿದ್ದೇ ಎಡವಟ್ಟು. ಕೊನೆಗೆ ಅವರು ಮಾಡಿದ್ದೂ ಇಷ್ಟೇ: ತೂಕವನ್ನು ಹೊರಗೆ ತೆಗೆದು ಕಾನ್ಸ್ಟ್ ಹಾಕಿ ಒಂಟಿ ಸಂಖ್ಯೆಯಾಗಿ ಇಟ್ಟರು, 50. ಈಗ ಅದನ್ನು ಮುಟ್ಟಲು ಹೋದರೆ ಜಾವಾಸ್ಕ್ರಿಪ್ಟೇ ಗಲಾಟೆ ಮಾಡುತ್ತದೆ. ಪರೀಕ್ಷೆಯನ್ನು ಮಾತ್ರ ಇನ್ನೂ ಅಳಿಸಿಲ್ಲ, ಹಟಮಾರಿ.