ಇಷ್ಟು ದೂರ ಬಂದಿದ್ದೀವಲ್ಲ, ಅದನ್ನೂ ನೋಡಿಬಿಡೋಣ

ನ್ಯೂಜಿಲೆಂಡ್‌ನಿಂದ ವಾಪಸ್ ಬಂದು ಹತ್ತು ದಿನ ಆಯಿತು. ಫೋಟೋ ಹಾಕಿದ ಮೇಲೆ ‘ಪ್ಲಾನ್ ಕಳಿಸಿ’ ಅಂತ ಕೇಳಿದವರು ತುಂಬಾ ಜನ. ಕಳಿಸಲ್ಲ. ಬಚ್ಚಿಟ್ಟುಕೊಳ್ಳೋಕಲ್ಲ, ಆ ಪ್ಲಾನೇ ಚೆನ್ನಾಗಿರಲಿಲ್ಲ. ಅದು ಕೆಟ್ಟು ಕೂತ ಎರಡು ದಿನ ಮಾತ್ರ ಚೆನ್ನಾಗಿತ್ತು.

ಪ್ಲಾನ್ ನಮ್ಮ ಯಜಮಾನರದ್ದು. ಎಕ್ಸೆಲ್ ಶೀಟು, ದಿನಕ್ಕೊಂದು ಬಣ್ಣ. ಮದುವೆಯಾಗಿ 25 ವರ್ಷ ಆದದ್ದಕ್ಕೆ 14 ದಿನದ ಪ್ರವಾಸ. ಆಕ್ಲೆಂಡ್‌ನಲ್ಲಿ ಇಳಿದು ಉತ್ತರ ದ್ವೀಪ ಪೂರ್ತಿ ಕಾರಲ್ಲಿ ದಾಟಿ, ಹಡಗು ಹತ್ತಿ, ದಕ್ಷಿಣ ದ್ವೀಪವನ್ನೂ ಮುಗಿಸಿ ಕ್ವೀನ್ಸ್‌ಟೌನ್‌ನಿಂದ ವಾಪಸ್. ನಾನು ಆಗಲೇ ಕೇಳಿದ್ದೆ, “ರೀ, ಒಂದು ದ್ವೀಪ ಸಾಕಲ್ವಾ?” “ಇಷ್ಟು ದೂರ ಹೋಗ್ತಿದ್ದೀವಿ, ಮತ್ತೆ ಯಾವ ಕಾಲಕ್ಕೆ ಹೋಗ್ತೀವೋ. ಮ್ಯಾಪ್ ನೋಡು, ಅಂಗೈ ಅಗಲ ಇಲ್ಲ ದೇಶ” ಅಂದರು. ಅಂಗೈ ಅಗಲದ ಆ ದೇಶ ಈ ತುದಿಯಿಂದ ಆ ತುದಿಗೆ 1,600 ಕಿಲೋಮೀಟರ್ ಇದೆ.

ಮೊದಲ ಪಾಠ ಏರ್‌ಪೋರ್ಟಲ್ಲೇ ಆಯಿತು. ತಿಂಡಿ, ಬೀಜ, ಮರದ ಸಾಮಾನು, ಮಣ್ಣು ಮೆತ್ತಿದ ಶೂ, ಏನಿದ್ದರೂ ಫಾರ್ಮಲ್ಲಿ ಬರೆದು ಹೇಳಬೇಕು. ಮುಚ್ಚಿಟ್ಟು ಸಿಕ್ಕಿಬಿದ್ದರೆ ಸ್ಥಳದಲ್ಲೇ 400 ಡಾಲರ್ ದಂಡ. ಡಾಲರ್ ಅಂದರೆ ಅವರ ಡಾಲರ್. ನಾವು ಟ್ರೆಕ್ಕಿಂಗ್ ಶೂ ಇದೆ ಅಂತ ಬರೆದಿದ್ದೆವು. ಅಲ್ಲಿದ್ದವರು ನನ್ನ ಶೂ ತಿರುಗಿಸಿ, ಅಡಿಯ ಸಂದಿಯಲ್ಲಿ ಬೆರಳಾಡಿಸಿ, ಒಳಗೆ ತಗೊಂಡು ಹೋದರು. ಹತ್ತು ನಿಮಿಷದ ಮೇಲೆ ತೊಳೆದು ತಂದುಕೊಟ್ಟರು. ಮನೆಯಲ್ಲಿ ಯಾವತ್ತೂ ಅಷ್ಟು ಚೊಕ್ಕಟ ಇರಲಿಲ್ಲ ಆ ಶೂ. “ಇದೇನು ಇಷ್ಟೊಂದು ಅತಿ” ಅಂತ ಇವರು ಗೊಣಗಿದರು. ನನಗೂ ಹಾಗೇ ಅನಿಸಿತು. ಯಾಕೆ ಅಂತ ಅರ್ಥ ಆಗೋಕೆ ಹತ್ತು ದಿನ ಬೇಕಾಯಿತು.

ಉತ್ತರ ದ್ವೀಪ ಹೇಗಿತ್ತು ಅಂತ ಕೇಳಿದರೆ ಕಿಟಕಿ ಅಂತ ಹೇಳಬೇಕು. ರೊಟೊರುವಾದಲ್ಲಿ ಊರೆಲ್ಲ ಗಂಧಕದ ನಾತ, ಕೆಸರು ಗಂಜಿ ಥರ ಕೊತಕೊತ ಕುದೀತಿತ್ತು. ಅದೊಂದು ನೆನಪಿದೆ. ಟೌಪೋ ಸರೋವರ 616 ಚದರ ಕಿಲೋಮೀಟರ್, ಆ ದೇಶದಲ್ಲೇ ದೊಡ್ಡದು. ಅದು ಜ್ವಾಲಾಮುಖಿ ಸಿಡಿದು ಆದ ಗುಂಡಿ. ಸುಮಾರು 1,800 ವರ್ಷದ ಹಿಂದೆ ಕೂಡ ಒಮ್ಮೆ ಭಯಂಕರವಾಗಿ ಸಿಡಿದಿತ್ತಂತೆ. ಇದನ್ನೆಲ್ಲ ನಾನು ಬೋರ್ಡಲ್ಲಿ ಓದಿದ್ದು, ಬಾತ್‌ರೂಮಿನ ಕ್ಯೂನಲ್ಲಿ ನಿಂತು. ಎಕ್ಸೆಲ್ ಪ್ರಕಾರ ಅಲ್ಲಿಗೆ ಇಪ್ಪತ್ತೇ ನಿಮಿಷ. ವೆಲ್ಲಿಂಗ್ಟನ್ ಮುಟ್ಟಿದಾಗ ಕತ್ತಲೆ, ಬೆಳಿಗ್ಗೆ ಎದ್ದು ಹಡಗು. ಒಂದು ದೇಶದ ರಾಜಧಾನಿಯಲ್ಲಿ ನಾವು ಮಾಡಿದ್ದು ನಿದ್ದೆ. ಕುಕ್ ಜಲಸಂಧಿ ದಾಟೋಕೆ ಮೂರೂವರೆ ಗಂಟೆ, ಅದರಲ್ಲಿ ಅರ್ಧ ನಾನು ವಾಂತಿ ಮಾಡಿಕೊಂಡೆ. ಅದರ ಬಗ್ಗೆ ಇಷ್ಟು ಸಾಕು.

ಡ್ರೈವಿಂಗ್ ಬಗ್ಗೆ ಒಂದು ಮಾತು. ಅಲ್ಲೂ ಎಡಗಡೆಯೇ ಓಡಿಸೋದು, ಅದಕ್ಕೇ ಸುಲಭ ಅಂದುಕೊಂಡು ಹೋಗ್ತೀವಿ. ಊರಾಚೆ ಮಿತಿ 100 ಅಂತ ಇರುತ್ತೆ, ಆದರೆ ರಸ್ತೆ ಬೆಟ್ಟ ಸುತ್ತಿ ಸುತ್ತಿ ಹೋಗುತ್ತೆ. ಒಂದೇ ಗಾಡಿ ಹೋಗುವಂಥ ಸೇತುವೆಗಳು ಎಷ್ಟೋ. ಬೋರ್ಡಲ್ಲಿ ನಮ್ಮ ಕಡೆಯ ಬಾಣ ಚಿಕ್ಕದು, ಕೆಂಪು ಅಂದರೆ ಎದುರಿಗೆ ಬರೋರಿಗೆ ದಾರಿ ಬಿಟ್ಟು ಕಾಯಬೇಕು. ಮ್ಯಾಪ್ ಮೂರು ಗಂಟೆ ಅಂದರೆ ನಾಲ್ಕು ಹಿಡಿಯುತ್ತೆ. ಓಡಿಸೋರು ರಸ್ತೆ ಬಿಟ್ಟು ಇನ್ನೇನೂ ನೋಡೋ ಹಾಗಿಲ್ಲ. ಪಕ್ಕದಲ್ಲಿ ಕೂತವರು ‘ಅಯ್ಯೋ ಅಲ್ಲಿ ನೋಡಿ’ ಅಂದರೆ ಜಗಳ.

ಜಗಳ ಆಗಿದ್ದು ಪುಕಾಕಿ ಸರೋವರದ ಹತ್ತಿರ. ಆ ನೀರಿನ ನೀಲಿಗೆ ಹಾಲು ಬೆರೆಸಿದ ಹಾಗಿರುತ್ತೆ. ಹಿಮನದಿಗಳು ಬಂಡೆಯನ್ನು ಹಿಟ್ಟಿನ ಹಾಗೆ ಅರೆದು ತರುತ್ತವೆ, ಆ ಪುಡಿ ನೀರಲ್ಲಿ ತೇಲಿಕೊಂಡೇ ಇರುತ್ತೆ, ಅದಕ್ಕೆ ಆ ಬಣ್ಣ. ನಾನು ಇಳಿದು ಬಂಡೆ ಮೇಲೆ ಕೂತೆ. ಹಿಂದಿನಿಂದ ಹಾರ್ನ್. “ಆರು ಗಂಟೆ ಒಳಗೆ ಮುಂದಿನ ಊರು ಸೇರಬೇಕು ಕಣೇ.” ನಾನು ಎದ್ದೆ, ಆದರೆ ಕಾರಲ್ಲಿ ಮುಂದೆ ಕೂರಲಿಲ್ಲ. ಹಿಂದಿನ ಸೀಟಲ್ಲಿ ಕೂತೆ, ಬಾಡಿಗೆ ಗಾಡಿಯಲ್ಲಿ ಕೂತ ಹಾಗೆ. ನೂರು ಕಿಲೋಮೀಟರ್ ಇಬ್ಬರೂ ತುಟಿ ಬಿಚ್ಚಲಿಲ್ಲ.

ಆಮೇಲೆ ಟೆ ಅನೌ, ಕೆರೆ ದಡದ ಒಂದು ಊರು. ಇಲ್ಲಿಂದ ಮಿಲ್ಫರ್ಡ್ ಸೌಂಡ್‌ಗೆ, ಅಂದರೆ ಬೆಟ್ಟಗಳ ನಡುವೆ ಸಮುದ್ರ ಒಳನುಗ್ಗಿರೋ ಜಾಗಕ್ಕೆ, 120 ಕಿಲೋಮೀಟರ್. ಇರೋದು ಒಂದೇ ರಸ್ತೆ. ಬೆಳಿಗ್ಗೆ ರೆಡಿಯಾಗಿ ಹೊರಟರೆ ರಸ್ತೆ ಮುಚ್ಚಿದೆ ಅಂತ ಬೋರ್ಡು. ಅಕ್ಟೋಬರ್ ಅವರಿಗೆ ವಸಂತ ಕಾಲ, ಬೆಟ್ಟದ ಮೇಲೆ ಇನ್ನೂ ಹಿಮ, ಅದರ ಮೇಲೆ ಜಡಿಮಳೆ, ಹಿಮ ಜಾರೋ ಭಯ. ಮಿಲ್ಫರ್ಡ್‌ನಲ್ಲಿ ವರ್ಷಕ್ಕೆ ಹೆಚ್ಚು ಕಡಿಮೆ ಏಳು ಮೀಟರ್ ಮಳೆ ಬೀಳುತ್ತೆ, ಮಿಲಿಮೀಟರ್ ಅಲ್ಲ. ಮರುದಿನವೂ ರಸ್ತೆ ತೆರೆಯಲಿಲ್ಲ. ಇವರು ಎಕ್ಸೆಲ್ ತೆಗೆದು ವನಾಕಾ ಅಳಿಸಿದರು, ಕ್ವೀನ್ಸ್‌ಟೌನ್‌ನಲ್ಲಿ ಒಂದು ದಿನ ಅಳಿಸಿದರು. ಮುಖ ಸೊಪ್ಪಾಗಿತ್ತು. ಪಾಪ ಅನಿಸಿತು, ಸುಳ್ಳು ಯಾಕೆ ಹೇಳಲಿ.

ಮೋಟೆಲಿನ ಹೆಂಗಸು, ಕೆರೆ ದಡದಲ್ಲಿ ತಕಾಹೆ ಇದೆ, ನೋಡಿ ಬನ್ನಿ, ದುಡ್ಡೇನೂ ಕೊಡಬೇಕಿಲ್ಲ ಅಂದರು. ಮಾಡೋಕೆ ಕೆಲಸ ಇರಲಿಲ್ಲ, ಹೋದೆವು.

ತಕಾಹೆ ಅಂದರೆ ಕೋಳಿಗಿಂತ ದಪ್ಪಗಿರೋ ಹಕ್ಕಿ. ನೀಲಿ ಮೈ, ಹಸಿರು ಬೆನ್ನು, ದಪ್ಪ ಕೆಂಪು ಕೊಕ್ಕು. ಹಾರೋಕೆ ಬರಲ್ಲ. 1898ರ ಮೇಲೆ ಯಾರ ಕಣ್ಣಿಗೂ ಬೀಳದೆ, ಈ ಜಾತಿಯೇ ಅಳಿದುಹೋಯಿತು ಅಂತ ಎಲ್ಲರೂ ಕೈ ಬಿಟ್ಟಿದ್ದರಂತೆ. 1948ರಲ್ಲಿ ಒಬ್ಬ ಡಾಕ್ಟರು ಇದೇ ಕೆರೆಯ ಆಚೆ ದಡದ ಬೆಟ್ಟದಲ್ಲಿ ಹುಡುಕಿ ಹಿಡಿದರು. ಈಗಲೂ ಇಡೀ ಲೋಕದಲ್ಲಿ ಐನೂರರ ಆಸುಪಾಸು ಇವೆ, ಅಷ್ಟೇ. ಮನುಷ್ಯರು ಬರೋ ಮೊದಲು ಆ ದೇಶದಲ್ಲಿ ನೆಲದ ಮೇಲೆ ಬದುಕುವ ಪ್ರಾಣಿಗಳಲ್ಲಿ ಮೊಲೆಯೂಡಿಸುವವು ಅಂದರೆ ಬಾವಲಿ ಮಾತ್ರ ಇದ್ದವು. ಹಕ್ಕಿಗಳಿಗೆ ನೆಲದ ಮೇಲೆ ಓಡಾಡೋ ಬೇಟೆ ಪ್ರಾಣಿಗಳ ಹೆದರಿಕೆ ಇರಲಿಲ್ಲ. ಹೊರಗಿನಿಂದ ಬಂದವರು ಮೊಲ ತಂದರು, ಮೊಲ ಜಾಸ್ತಿಯಾಯಿತು ಅಂತ ಅದನ್ನು ಹಿಡಿಯೋಕೆ ಮುಂಗುಸಿಯ ಥರದ ಸ್ಟೋಟ್ ತಂದರು. ಸ್ಟೋಟ್ ಮೊಲಕ್ಕೆ ನಿಲ್ಲಲಿಲ್ಲ, ಗೂಡಿನ ಮೊಟ್ಟೆಗೂ ಬಾಯಿ ಹಾಕಿತು. ಇದನ್ನು ಓದಿ ಇಬ್ಬರೂ ನನ್ನ ಶೂ ನೋಡಿದೆವು.

ಜಿನುಗು ಮಳೆ. ಒಂದು ತಕಾಹೆ ಬೇಲಿ ಹತ್ತಿರಕ್ಕೇ ಬಂತು. ಹುಲ್ಲಿನ ಒಂದು ದಂಟು ಆರಿಸಿ, ಕೊಕ್ಕಲ್ಲಿ ಬುಡಸಮೇತ ಎಳೆದು, ಒಂದು ಕಾಲಲ್ಲಿ ಎತ್ತಿ ಹಿಡಿದುಕೊಂಡಿತು, ನಾವು ಕಬ್ಬು ಹಿಡಿದ ಹಾಗೆ. ಬುಡದ ಬೆಳ್ಳಗಿನ ಎಳೆ ಭಾಗ ಮಾತ್ರ ಜಗಿದು ಉಳಿದದ್ದು ಬಿಸಾಕಿತು. ಇನ್ನೊಂದು ಎಳೆಯಿತು. ಅವಸರವೇ ಇಲ್ಲ. ಇವರು ಫೋನ್ ಜೇಬಿಗೆ ಹಾಕಿ ಬೆಂಚಲ್ಲಿ ಕೂತರು. ನಾನೂ ಕೂತೆ. ಟೈಮ್ ನೋಡಿದಾಗ ಎರಡು ಗಂಟೆ ಕಳೆದಿತ್ತು. ಮರುದಿನ ಬೆಳಿಗ್ಗೆ ಇವರೇ ಕೇಳಿದರು, “ಹಕ್ಕಿ ನೋಡೋಕೆ ಹೋಗೋಣ್ವಾ?”

ನನ್ನ ವಾದ ಇಷ್ಟೇ. ಟಿಕೆಟ್ಟಿಗೆ ಕೊಟ್ಟ ದುಡ್ಡು ಹೇಗೂ ಹೋಯಿತು. ಅದನ್ನು ಊರುಗಳ ಲೆಕ್ಕದಲ್ಲಿ ವಸೂಲು ಮಾಡೋಕೆ ಹೊರಟರೆ ರಜೆಯೂ ಹೋಗುತ್ತೆ. ಕ್ವೀನ್ಸ್‌ಟೌನ್‌ನಿಂದ ಒಂದೇ ದಿನದಲ್ಲಿ ಮಿಲ್ಫರ್ಡ್ ನೋಡಿ ಬರೋರು ಎಷ್ಟೋ ಜನ. ಹೋಗೋಕೆ ಸುಮಾರು 290 ಕಿಲೋಮೀಟರ್, ಬರೋಕೆ ಅಷ್ಟೇ. ಎಂಟು ಗಂಟೆ ಕಾರು, ಎರಡು ಗಂಟೆ ದೋಣಿ. ರಜೆ ಇರೋದೇ ಅಷ್ಟು, ಏನು ಮಾಡಲಿ ಅಂದರೆ ಸರಿ, ಒಪ್ಪುತ್ತೀನಿ. ಆದರೆ ರಜೆ ಕಮ್ಮಿ ಇದ್ದಾಗ ಜಾಗ ಕಮ್ಮಿ ಮಾಡಬೇಕಲ್ವಾ? ಎರಡು ವಾರ ಇದ್ದರೆ ನೇರ ಕ್ರೈಸ್ಟ್‌ಚರ್ಚ್‌ಗೆ ಹೋಗಿ. ಸಿಂಗಪುರದಿಂದ ನೇರ ವಿಮಾನ ಇದೆ. ಉತ್ತರ ದ್ವೀಪವನ್ನು ಮರೆತುಬಿಡಿ. ಇಲ್ಲವೇ ಉತ್ತರಕ್ಕೆ ಹೋಗಿ ದಕ್ಷಿಣವನ್ನು ಮರೆತುಬಿಡಿ.

ಮೂರನೇ ದಿನ ರಸ್ತೆ ತೆರೆಯಿತು. ಹೋಮರ್ ಸುರಂಗದ ಬಾಯಲ್ಲಿ ಸಿಗ್ನಲ್‌ಗೆ ಕಾಯುವಾಗ ಒಂದು ಕಿಯಾ ಗಿಳಿ ಬಂದು ನಮ್ಮ ಕಾರಿನ ವೈಪರ್ ರಬ್ಬರ್ ಕಿತ್ತು ತಿನ್ನೋಕೆ ಶುರು ಮಾಡಿತು. ಇವರು ಹಾರ್ನ್ ಹೊಡೆಯಲಿಲ್ಲ. ನಾನು ಮುಂದಿನ ಸೀಟಲ್ಲೇ ಕೂತಿದ್ದೆ. ಮಿಲ್ಫರ್ಡ್ ಚೆನ್ನಾಗಿತ್ತು, ಮಳೆ ಬಂದದ್ದಕ್ಕೆ ಬಂಡೆ ಬಂಡೆಗೂ ಜಲಪಾತ. ಅದರ ಫೋಟೋ ನೋಡಿದ್ದೀರಲ್ಲ. ತಕಾಹೆಯ ಫೋಟೋ ಕೇಳಬೇಡಿ, ಒಂದೂ ತೆಗೆದಿಲ್ಲ.

ಇವರಿಗೆ ಮಾತ್ರ ವೆಲ್ಲಿಂಗ್ಟನ್‌ನ ಕೇಬಲ್ ಕಾರ್ ತಪ್ಪಿದ್ದು ಈಗಲೂ ಬೇಜಾರು. ನಿನ್ನೆ ರಾತ್ರಿ ಊಟಕ್ಕೆ ಕೂತಾಗಲೂ ಅದೇ ಮಾತು.